ಹಳೇ ರೇಷ್ಮೆ ಸೀರೆ ಆನ್‌ಲೈನ್‌ನಲ್ಲಿ ಮಾರುವುದು ಹೇಗೆ: ಮೊದಲು ಬೆಳಕಿಗೆ ಹಿಡಿಯಿರಿ

ಬೀರುವಿನಲ್ಲಿ ವರ್ಷಗಟ್ಟಲೆ ಮಡಿಚಿಟ್ಟ ಸೀರೆಯ ಫೋಟೊ ತೆಗೆದು, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೋ ಇನ್‌ಸ್ಟಾಗ್ರಾಂಗೋ ಹಾಕಿ ಮಾರುವವರು ಈಗ ನಮ್ಮ ಬೀದಿಯಲ್ಲೇ ನಾಲ್ಕು ಮಂದಿ ಇದ್ದಾರೆ. ಶುರುಮಾಡಿ ಮೂರೇ ತಿಂಗಳಿಗೆ ಕೈಬಿಟ್ಟವರನ್ನೂ ಕಂಡಿದ್ದೇನೆ. ಗಿರಾಕಿ ಅವರಿಗೂ ಸಿಕ್ಕಿದ್ದರು. ಸೀರೆಯನ್ನು ಪೂರ್ತಿ ಬಿಚ್ಚಿ ನೋಡದೆ ಕಳಿಸಿದ್ದೇ ಮುಳುವಾಯಿತು. ನಾನೂ ಮೊದಲ ವರ್ಷ ಅದೇ ತಪ್ಪು ಮಾಡಿದೆ. ಈರುಳ್ಳಿ ಸಿಪ್ಪೆ ಬಣ್ಣದ ಒಂದು ಮದುವೆ ಸೀರೆ, ಹನ್ನೆರಡು ವರ್ಷ ಪ್ಲಾಸ್ಟಿಕ್ ಕವರಿನಲ್ಲೇ ಇದ್ದದ್ದು, ಮಡಿಕೆಯ ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಕೊಂಡವರು ನೆರಿಗೆ ಹಿಡಿಯುವಾಗ ಮಡಿಕೆಯ ಗುಂಟ ಒಂದು ಗೇಣು ಸೀಳಿತು. 3,200 ರೂಪಾಯಿ ವಾಪಸು ಕೊಟ್ಟೆ, ಹೋಗಿ ಬರುವ ಅಂಚೆ ಖರ್ಚು ಬೇರೆ.

ಸರಕು. ನಿಮ್ಮ ಬೀರು, ಆಮೇಲೆ ಅಕ್ಕತಂಗಿಯರ ಬೀರು. ಮಾರಾಟವಾದ ಮೇಲೆ ದುಡ್ಡು ಎಂಬ ಕರಾರಿನ ಮೇಲೆ ಮಾತ್ರ ತೆಗೆದುಕೊಳ್ಳಿ. ಕಿಲೋ ಲೆಕ್ಕದ ಗಂಟುಗಳನ್ನು ಕೊಳ್ಳಲೇಬೇಡಿ. ಮೇಲಿನ ಎರಡು ಸೀರೆ ಚೆನ್ನಾಗಿರುತ್ತವೆ, ಒಳಗಿನವು ನೆಲ ಒರೆಸಲೂ ಬಾರವು.

ತಪಾಸಣೆ. ಇದಕ್ಕೆ ಒಂದು ಸೀರೆಗೆ ಅರ್ಧ ಗಂಟೆಯಾದರೂ ಕೊಡಿ. ಹಗಲು ಹೊತ್ತಿನಲ್ಲಿ, ಕೈ ತೊಳೆದು ಒರೆಸಿಕೊಂಡು, ಬಳೆ ತೆಗೆದಿಟ್ಟು, ಒಗೆದ ಬೆಡ್‌ಶೀಟಿನ ಮೇಲೆ ಸೀರೆಯನ್ನು ಪೂರ್ತಿ ಬಿಚ್ಚಿ. ಒಂದೊಂದು ಮೊಳವಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಮಡಿಕೆ ಬಿದ್ದ ಜಾಗದಲ್ಲಿ ಸೂಜಿಯಿಂದ ಗೀರಿದಂಥ ಸಣ್ಣ ಬಿಳಿ ಗೆರೆಗಳು ಕಂಡರೆ ಅಲ್ಲಿ ಎಳೆ ಕಡಿಯತೊಡಗಿದೆ ಎಂದೇ ಲೆಕ್ಕ. ಆ ಗೆರೆಯ ಆಚೀಚೆ ಎರಡೂ ಹೆಬ್ಬೆರಳಿಟ್ಟು ಮೆತ್ತಗೆ ಎಳೆಯಿರಿ. ಗಟ್ಟಿ ರೇಷ್ಮೆ ಬಿಗಿಯುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಜೀವ ಹೋದ ರೇಷ್ಮೆ ‘ಚಿರ್’ ಎನ್ನುತ್ತದೆ, ಎಳೆಗಳ ನಡುವೆ ಸಂದು ಬಿಡುತ್ತದೆ. ಉದ್ದಕ್ಕೂ ಅಡ್ಡಕ್ಕೂ, ಎರಡು ಬಾರಿ ಹೀಗೆ ನೋಡಿ. ಇದರಲ್ಲಿ ಸೋತ ಸೀರೆಯನ್ನು ಉಡುವ ಸೀರೆಯೆಂದು ಮಾರಬಾರದು, ಯಾರೆಷ್ಟು ಕೇಳಿದರೂ.

ಆಮೇಲೆ ಕೆಳ ಅಂಚು. ಕಾಲುಂಗುರ ಸಿಕ್ಕಿ ಎಳೆ ಎದ್ದಿರುವುದು ಅಲ್ಲಿಯೇ. ಫಾಲ್ ಹಾಕಿದ್ದರೆ ಅದರ ಬಟ್ಟೆ ಕುಗ್ಗಿ ಸೀರೆ ಸುಕ್ಕಾಗಿದೆಯೇ ನೋಡಿ. ಭುಜದ ಮೇಲೆ ಬರುವ ಜಾಗದಲ್ಲಿ ಪಿನ್ನಿನ ತೂತು, ಸೊಂಟದ ಜಾಗದಲ್ಲಿ ಬೆವರಿಗೆ ಬಣ್ಣ ಬಿಟ್ಟ ಗುರುತು, ಸೆರಗಿನ ತುದಿಯಲ್ಲಿ ಮದುವೆಮನೆ ಊಟದ ಅರಿಶಿನ. ಪ್ರತಿ ದೋಷದ ಪಕ್ಕದಲ್ಲಿ ದಾರದ ತುಂಡು ಇಡುತ್ತಾ ಹೋಗಿ; ಫೋಟೊ ತೆಗೆಯುವಾಗ ಒಂದೂ ತಪ್ಪುವುದಿಲ್ಲ.

ಜರಿ ಕಪ್ಪಾಗಿದ್ದರೆ ಹುಣಸೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ. ಜರಿ ಎಂದರೆ ನೂಲಿಗೆ ಸುತ್ತಿದ ಲೋಹದ ಸಣ್ಣ ತಂತಿ, ಉಜ್ಜಿದಷ್ಟೂ ಮೇಲಿನ ಚಿನ್ನದ ಲೇಪ ಹೋಗುತ್ತದೆ. ಕಪ್ಪಾದ ಜರಿಯನ್ನು ಕಪ್ಪಾಗಿದೆ ಎಂದೇ ಬರೆದು ಮಾರಿ, ಕೊಳ್ಳುವವರು ಇದ್ದಾರೆ. ಮಾರುವ ಮುನ್ನ ಪಾಲಿಶ್ ಹಾಕಿಸುವುದೂ ನನಗೆ ಒಪ್ಪಿಗೆಯಿಲ್ಲ. ಸೋತ ಮಡಿಕೆ ರೋಲರ್ ಕೆಳಗೇ ಹರಿದುಹೋಗುತ್ತದೆ. ಉಳಿದರೂ ದೋಷ ಮರೆಯಾಗಿ ಗಿರಾಕಿಯ ಮನೆಯಲ್ಲಿ ಬಯಲಾಗುತ್ತದೆ. ನೆರಳಿನಲ್ಲಿ ಎರಡು ದಿನ ಗಾಳಿಗೆ ಹರವಿ, ಸಾಕು. ನುಸಿಗುಳಿಗೆಯ ವಾಸನೆಯೂ ಅದರಲ್ಲೇ ಕಡಿಮೆಯಾಗುತ್ತದೆ.

ಹೆಸರು. ಎಲ್ಲ ಕ್ರೇಪ್ ಸೀರೆಯನ್ನೂ ‘ಮೈಸೂರು ಸಿಲ್ಕ್’ ಎಂದು ಬರೆಯುವುದು ಮೋಸ. ಮೈಸೂರು ಸಿಲ್ಕ್ ನೇಯುವ ಸರ್ಕಾರಿ ನಿಗಮ ಕೆಎಸ್‌ಐಸಿ ತನ್ನ ಸೀರೆಗೆ ಒಂದೊಂದಕ್ಕೂ ಬೇರೆಯ ಸಂಖ್ಯೆ ಹಾಕುತ್ತದೆ. ಅದು ಕಂಡರೆ ಅದರ ಫೋಟೊ ಕೊಡಿ, ಕಾಣದಿದ್ದರೆ ‘ಕ್ರೇಪ್ ಸೀರೆ’ ಎಂದಷ್ಟೇ ಬರೆಯಿರಿ. ಕೆಎಸ್‌ಐಸಿ ಸೀರೆಯ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ‘ಹಳೇ ಜರಿ ಸೀರೆ ಕೊಳ್ತೀವಿ’ ಎಂದು ಬೀದಿಯಲ್ಲಿ ಕೂಗುತ್ತ ಬರುವವರು ಸುಟ್ಟು ತೆಗೆಯುವುದು ಆ ಬೆಳ್ಳಿಯನ್ನೇ. ಗಟ್ಟಿಯಾದ ಸೀರೆಯನ್ನು ಅವರ ತಕ್ಕಡಿಗೆ ಹಾಕಿದರೆ ನನ್ನ ಹೊಟ್ಟೆ ಉರಿಯುತ್ತದೆ. ಇಳಕಲ್ ಸೀರೆಯಾದರೆ ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿದ ‘ತೋಪು ತೆನೆ’ಯ ಜಾಗವನ್ನು ಹತ್ತಿರದಿಂದ ತೋರಿಸಿ. ಬಲ್ಲವರು ಮೊದಲು ಕೇಳುವುದು ಅದನ್ನೇ.

ಫೋಟೊ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ಬಿಸಿಲು ನೇರ ಬೀಳದ ಜಗುಲಿಯಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಬೇಡ, ಫ್ಲ್ಯಾಶ್ ಬೇಡ, ಫಿಲ್ಟರ್ ಅಂತೂ ಖಂಡಿತ ಬೇಡ. ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಹಾಳೆ ಇಟ್ಟರೆ ಬಣ್ಣ ಎಷ್ಟು ವಾಲಿದೆ ಎಂದು ನೋಡುವವರಿಗೂ ಗೊತ್ತಾಗುತ್ತದೆ. ಬದನೆಕಾಯಿ ಬಣ್ಣವನ್ನು ಬಹಳಷ್ಟು ಫೋನುಗಳು ನೀಲಿ ಮಾಡಿಬಿಡುತ್ತವೆ. ಅಂಥಲ್ಲಿ ‘ಫೋಟೊದಲ್ಲಿ ನೀಲಿ ಕಾಣುತ್ತಿದೆ, ನಿಜಕ್ಕೂ ಬದನೆಕಾಯಿ ಬಣ್ಣ’ ಎಂದು ಬರೆದುಬಿಡಿ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣವಾಗಿ, ಅಲುಗಿಸಿದಂತೆ ಹೊಳಪು ಬದಲಾಗುವ ಸೀರೆಗೆ ಹತ್ತು ಸೆಕೆಂಡಿನ ವಿಡಿಯೊ ಬೇಕೇ ಬೇಕು. ದಾರ ಇಟ್ಟ ಜಾಗಗಳನ್ನೆಲ್ಲ ಒಂದು ರೂಪಾಯಿ ನಾಣ್ಯ ಪಕ್ಕಕ್ಕಿಟ್ಟು ತೆಗೆಯಿರಿ, ತೂತಿನ ಅಳತೆ ಬಾಯಲ್ಲಿ ಹೇಳುವ ಅಗತ್ಯವೇ ಇರುವುದಿಲ್ಲ. ಈ ದೋಷದ ಫೋಟೊಗಳನ್ನು ಎರಡನೆಯ, ಮೂರನೆಯ ಸ್ಥಾನದಲ್ಲಿ ಹಾಕಿ, ಕೊನೆಗೆ ಅಡಗಿಸಬೇಡಿ. ಉದ್ದವನ್ನು ಟೇಪಿನಲ್ಲಿ ಅಳೆದೇ ಬರೆಯಿರಿ. ಹಳೇ ಸೀರೆಯಲ್ಲಿ ರವಿಕೆ ತುಂಡು ಕತ್ತರಿಸಿದ ಮೇಲೆ ಐದೂವರೆ ಮೀಟರ್ ಉಳಿದಿದೆ ಎಂದು ಊಹಿಸುವ ಹಾಗಿಲ್ಲ.

ಬೆಲೆ. ಅಂಥದೇ ಹೊಸ ಸೀರೆಯ ಇಂದಿನ ಬೆಲೆಯ ಮೂರನೇ ಒಂದು ಭಾಗ, ಒಂದೆರಡೇ ಸಲ ಉಟ್ಟಿದ್ದರೆ ಅರ್ಧ. ‘ಇನ್‌ಬಾಕ್ಸ್‌ಗೆ ಬನ್ನಿ’ ಎನ್ನಬೇಡಿ, ಬೆಲೆ ಅಲ್ಲೇ ಬರೆಯಿರಿ.

ಹಣ. ಮುಂಗಡ ಪೂರ್ತಿ ಬಂದ ಮೇಲೆಯೇ ಪಾರ್ಸಲ್. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆ ತೆರೆದು ನೋಡಿ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಎಂದವನನ್ನು ಅಲ್ಲೇ ಬ್ಲಾಕ್ ಮಾಡಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಹಾಕಿದರೆ ಹೋಗುವುದು ನಿಮ್ಮ ದುಡ್ಡು. ಕೊಂಡ, ಕೊಟ್ಟ ಲೆಕ್ಕವನ್ನು ಮೊದಲ ದಿನದಿಂದಲೇ ಪುಸ್ತಕದಲ್ಲಿ ಬರೆದಿಡಿ. 2025ರಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಪುಸ್ತಕ ಇಲ್ಲದವರು ಪಟ್ಟ ಪಾಡು ನೆನಪಿರಲಿ. ಹೊರರಾಜ್ಯಕ್ಕೆ ಕಳಿಸುವ ಯೋಚನೆಯಿದ್ದರೆ ಜಿಎಸ್‌ಟಿ ನಿಯಮ ಬೇರೆ, ಮೊದಲು ತೆರಿಗೆ ಸಲಹೆಗಾರರೊಬ್ಬರನ್ನು ಕೇಳಿ.

ಪಾರ್ಸಲ್. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಕವರ್. ಸ್ಟೇಪ್ಲರ್ ಪಿನ್ ಹತ್ತಿರ ಸುಳಿಯಬಾರದು. ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಚಿ. ಸುತ್ತುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿಕೊಳ್ಳಿ, ಬಿಚ್ಚುವಾಗ ಹಾಗೆಯೇ ಮಾಡಲು ಕೊಂಡವರಿಗೂ ಹೇಳಿ. ನಾನು ಸ್ಪೀಡ್ ಪೋಸ್ಟ್ ಬಿಟ್ಟು ಬೇರೆಯದಕ್ಕೆ ಹೋಗುವುದಿಲ್ಲ, ಹಳ್ಳಿಯ ವಿಳಾಸಕ್ಕೂ ತಲುಪುತ್ತದೆ.

ಹೆಬ್ಬೆರಳ ಪರೀಕ್ಷೆಯಲ್ಲಿ ಸೋತ ಸೀರೆಗಳನ್ನು ಮೂಲೆಗೆ ಎಸೆಯಬೇಡಿ. ಮೈ ಹೋಗಿದ್ದರೂ ಅಂಚು, ಸೆರಗು ಎಷ್ಟೋ ಸಲ ಗಟ್ಟಿಯಾಗಿರುತ್ತವೆ. ಅವನ್ನು ಕತ್ತರಿಸಿ, ‘ಲಂಗಕ್ಕೆ, ರವಿಕೆಗೆ ಆಗುವ ಅಂಚು’ ಎಂದು ಅಳತೆ ಸಮೇತ ಹಾಕಿ. ವಾಪಸು ಬಂದ ಆ ಈರುಳ್ಳಿ ಸಿಪ್ಪೆ ಬಣ್ಣದ ಸೀರೆಯ ಸೆರಗು, ಎರಡೂ ಅಂಚು ಸೇರಿ 900 ರೂಪಾಯಿಗೆ ಹೋದವು. ದಾವಣಗೆರೆಯ ತಾಯಿಯೊಬ್ಬರು ಮಗಳ ಹುಟ್ಟುಹಬ್ಬದ ಲಂಗಕ್ಕೆ ಅಂತ ತರಿಸಿಕೊಂಡರು, ಹೊಲಿಸಿದ ಮೇಲೆ ಫೋಟೊ ಕಳಿಸಿದ್ದರು.