ಟೈಟಾನಿಯಂ ತಂತಿ ಎಂದರೆ ನಿಕಲ್ ಇಲ್ಲ ಅಂತಲ್ಲ

ಪುಣೆಯಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಕೆಲಸ ನನ್ನದು. ಚಿಂಚವಾಡದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಬಂದು ನೆಲೆಸಿದ ಕಲಬುರಗಿ, ವಿಜಯಪುರದವರು ನನ್ನ ಬಳಿ ಜಾಸ್ತಿ ಬರುತ್ತಾರೆ. ಹಾಗೆ ಬಂದ 17 ವರ್ಷದ ಹುಡುಗಿಗೆ ಮೊದಲ ತಂತಿ ಕಟ್ಟಿ ಕಳಿಸಿದ್ದೆ. ನಾಲ್ಕನೇ ದಿನ ತಾಯಿ ವಾಪಸ್ ಕರೆತಂದರು. ತುಟಿಯ ಒಳಗೆಲ್ಲ ಕೆಂಪು, ಬಾಯಿಯ ಸುತ್ತ ಸಣ್ಣ ಗುಳ್ಳೆ, ಉರಿ.

"ತುಳಶಿಬಾಗ ಪ್ಯಾಟ್ಯಾಗ ತಗೊಂಡ ಓಲಿ ಹಾಕ್ಕೊಂಡ್ರೂ ಈಕಿ ಕಿವಿ ಹಿಂಗ ಕೆಂಪಗಾಗಿ ತುರಸ್ತಾವ್ರೀ ಡಾಕ್ಟ್ರ," ಎಂದರು.

ಓಲೆ ಹಾಕಿದರೆ ಕಿವಿ ತುರಿಸುತ್ತದೆಯೇ ಎಂದು ಮೊದಲ ದಿನವೇ ನಾನು ಕೇಳಬೇಕಿತ್ತು. ಕೇಳಿರಲಿಲ್ಲ.

ಅಗ್ಗದ ಓಲೆಯಲ್ಲಿ ಇರುವ, ಕೆಲವರ ಮೈಗೆ ಆಗದ ನಿಕಲ್ ಲೋಹ, ನಾನು ಕಟ್ಟಿದ ನಿಕಲ್-ಟೈಟಾನಿಯಂ ತಂತಿಯಲ್ಲೂ ಇದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 55 ಶೇಕಡಾ! ಅವತ್ತೇ ತಂತಿ ಬಿಚ್ಚಿದೆ. ಚರ್ಮದ ಡಾಕ್ಟರ್ ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡು ದಿನ ಬಿಟ್ಟು ಪಟ್ಟಿ ತೆಗೆದಾಗ ನಿಕಲ್ ಇಟ್ಟ ಜಾಗ ಮಾತ್ರ ಕೆಂಪಾಗಿ ಉಬ್ಬಿತ್ತು.

ನಿಕಲ್ ಇಲ್ಲದ ತಂತಿ ಬೇಕು ಎಂದು ಸಾಮಾನು ತರಿಸುವವರಿಗೆ ಹೇಳಿದೆ. "ಟೈಟಾನಿಯಂ" ಎಂದು ಕಳಿಸಿದ್ದು ಮತ್ತೆ ಅದೇ ನಿಕಲ್-ಟೈಟಾನಿಯಂ. ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಸಾಲದು, ಒಳಗಿನ ಲೋಹಗಳ ಪಟ್ಟಿ ಓದಲೇಬೇಕು. ನನಗೆ ಬೇಕಿದ್ದದ್ದು ಬೀಟಾ ಟೈಟಾನಿಯಂ. ಟೈಟಾನಿಯಂ 882 ಡಿಗ್ರಿ ದಾಟಿದರೆ ಅದರ ಪರಮಾಣುಗಳ ಜೋಡಣೆ ಬದಲಾಗುತ್ತದೆ, ಆ ಹೊಸ ಜೋಡಣೆಯೇ ಬೀಟಾ. ಮಾಲಿಬ್ಡಿನಂ ಬೆರೆಸಿದರೆ ಆ ಜೋಡಣೆ ತಣ್ಣಗಾದ ಮೇಲೂ ಉಳಿಯುತ್ತದೆ. ಸಂಶೋಧಕರಾದ ಬರ್ಸ್ಟೋನ್ ಮತ್ತು ಗೋಲ್ಡ್‌ಬರ್ಗ್ 1980ರಲ್ಲಿ ಇದನ್ನು ಹಲ್ಲಿನ ತಂತಿಯಾಗಿ ಪರಿಚಯಿಸಿದರು. ಜೊತೆಗೆ ಸ್ವಲ್ಪ ಜಿರ್ಕೋನಿಯಂ, ತವರ. ನಿಕಲ್ ಇಲ್ಲ.

ಆದರೆ ಕೈಗೆ ಕೆಲಸ ಜಾಸ್ತಿ. ನಿಕಲ್-ಟೈಟಾನಿಯಂ ಎಷ್ಟು ಸೊಟ್ಟಗಾಗಿ ಕಟ್ಟಿದರೂ ತಾನೇ ನೆಟ್ಟಗಾಗುತ್ತಾ ಹಲ್ಲನ್ನು ಎಳೆದುಕೊಳ್ಳುತ್ತದೆ. ಬೀಟಾ ಟೈಟಾನಿಯಂ ಸ್ಟೀಲಿನ ಅರ್ಧದಷ್ಟೂ ಬಿಗಿ ಇಲ್ಲ, ಚೆನ್ನಾಗಿ ಬಳುಕುತ್ತದೆ, ಆದರೂ ಅಷ್ಟು ದೂರ ಮರಳಿ ಬರುವುದಿಲ್ಲ. ಅದಕ್ಕೇ ಜಾಸ್ತಿ ಸೊಟ್ಟಗಿದ್ದ ಎರಡು ಹಲ್ಲುಗಳ ಬಳಿ ತಂತಿಯಲ್ಲಿ ಸಣ್ಣ ಕುಣಿಕೆಗಳನ್ನು ಬಗ್ಗಿಸಿದೆ. ತಂತಿ ಉದ್ದವಾದಷ್ಟೂ ಬಲ ಮೃದುವಾಗುತ್ತದೆ ಅಲ್ವಾ? ಮೊದಲ ಕುಣಿಕೆ ಸರಿ ಬರಲಿಲ್ಲ ಎಂದು ಬಿಚ್ಚಿ ಅದೇ ಜಾಗದಲ್ಲಿ ಮತ್ತೆ ಬಗ್ಗಿಸಿದೆ, ಪಟ್ ಎಂದು ಮುರಿಯಿತು. ಚೂಪು ಮೂಲೆಯ ಇಕ್ಕಳ ಬಿಟ್ಟು ದುಂಡು ಮೂತಿಯದ್ದು ಹಿಡಿದೆ. ಒಂದು ಬಾಗು ಒಂದೇ ಸಲ. ಎರಡನೇ ತಂತಿ ನಿಂತಿತು.

ಇನ್ನೊಂದು ತೊಂದರೆ, ಈ ತಂತಿಯ ಮೈ ಒರಟು. ಹಲ್ಲಿಗೆ ಅಂಟಿಸಿ ತಂತಿಯನ್ನು ಹಿಡಿದಿಡುವ ಬ್ರಾಕೆಟ್ ಅದರ ಮೇಲೆ ಸುಲಭವಾಗಿ ಜಾರುವುದಿಲ್ಲ. ಕಿತ್ತ ಹಲ್ಲಿನ ಜಾಗ ಮುಚ್ಚಲು ಜಾರಿಸುವುದನ್ನೇ ಬಿಟ್ಟು, ಟಿ ಆಕಾರದ ಸ್ಪ್ರಿಂಗ್ ಬಗ್ಗಿಸಿ ಅದರಿಂದಲೇ ಎಳೆದೆ.

ಉಳಿದ ಸಾಮಾನನ್ನೂ ನೋಡಬೇಕಾಯಿತು. ಸಾಮಾನ್ಯವಾಗಿ ಬಳಸುವ ಸ್ಟೀಲಿನಲ್ಲೂ ಸುಮಾರು 8 ಶೇಕಡಾ ನಿಕಲ್ ಇದೆ. ಅದನ್ನು ಸ್ಟೀಲು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುವುದರಿಂದ ಅಲರ್ಜಿ ಇರುವ ಎಷ್ಟೋ ಜನಕ್ಕೆ ತೊಂದರೆಯಾಗುವುದಿಲ್ಲ. ಆದರೆ ಈ ಹುಡುಗಿಯ ತುಟಿ ನೋಡಿದ ಮೇಲೆ ಆ ಧೈರ್ಯ ನನಗೆ ಬರಲಿಲ್ಲ. ಬ್ರಾಕೆಟ್ ಸೆರಾಮಿಕ್, ದವಡೆ ಹಲ್ಲಿಗೆ ತಂತಿಯ ತುದಿ ತೂರಿಸುವ ಟೈಟಾನಿಯಂ ಟ್ಯೂಬ್, ಕಟ್ಟಲು ಸ್ಟೀಲ್ ಬದಲು ರಬ್ಬರ್ ರಿಂಗ್.

ಎರಡು ವಾರದಲ್ಲಿ ಕೆಂಪು ಇಳಿಯಿತು. ಮತ್ತೆ ಬರಲಿಲ್ಲ. ಕ್ಲಿಪ್ ಬಿಚ್ಚಿದ ದಿನ, ಹಲ್ಲು ಮತ್ತೆ ಸರಿಯದಂತೆ ಕೆಳಗಿನ ಹಲ್ಲಿನ ಹಿಂದೆ ಎಂದಿನಂತೆ ಸ್ಟೀಲ್ ತಂತಿ ಅಂಟಿಸಲು ಕೈ ಹೋಗಿತ್ತು. ತಡೆದು, ಹಾಕಿ ತೆಗೆಯುವ ಪ್ಲಾಸ್ಟಿಕ್ ಅಚ್ಚು ಮಾಡಿಕೊಟ್ಟೆ.