ತೋಳ ಜೇಡ ಹುಡುಕುವುದು ಹೇಗೆ? ಟಾರ್ಚು ಕಿವಿಯ ಪಕ್ಕದಲ್ಲಿರಲಿ

ಟಾರ್ಚನ್ನು ಸೊಂಟದ ಹತ್ತಿರ ಹಿಡಿದು ರಾತ್ರಿಯೆಲ್ಲ ಸುತ್ತಿದರೂ ತೋಳ ಜೇಡ (ಇಂಗ್ಲಿಷಿನಲ್ಲಿ ವುಲ್ಫ್ ಸ್ಪೈಡರ್) ಸಿಗುವುದು ಕಷ್ಟ. ಅದನ್ನೇ ಕಿವಿಯ ಪಕ್ಕ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲೂ ಹಸಿರು-ನೀಲಿ ಚುಕ್ಕಿಗಳು ಮಿನುಗುತ್ತವೆ. ಈ ಜೇಡದ ಕಣ್ಣೊಳಗೆ ಬೆಕ್ಕಿಗಿರುವಂಥದೇ ಹೊಳಪಿನ ಪದರವಿದೆ. ಅದು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಹಾಗಾಗಿ ಬೆಳಕೂ ನಿಮ್ಮ ಕಣ್ಣೂ ಅಕ್ಕಪಕ್ಕದಲ್ಲೇ ಇರಬೇಕು. ಹೆಡ್‌ಲ್ಯಾಂಪ್ ಇದ್ದರೆ ಇನ್ನೂ ಸಲೀಸು.

ಕತ್ತಲಾಗಿ ಒಂದು ಗಂಟೆ ಕಳೆಯಲಿ. ಲಾಲ್‌ಬಾಗ್ ಆ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಮನೆಯ ಕೈತೋಟ, ಹುಲ್ಲು ಬೆಳೆದ ಖಾಲಿ ಸೈಟು ಸಾಕು. ಬೂಟು ಹಾಕಿಕೊಳ್ಳಿ, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಭಯ ಜೇಡದ್ದಲ್ಲ, ಹಾವಿನದು.

ಇಬ್ಬನಿ ಎಲ್ಲರನ್ನೂ ಏಮಾರಿಸುತ್ತದೆ. ಅನುಮಾನ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ: ಹನಿ ಬಣ್ಣ ಬದಲಿಸುತ್ತದೆ, ಇಲ್ಲವೇ ಆರಿಹೋಗುತ್ತದೆ, ಜೇಡದ ಚುಕ್ಕಿ ಹಾಗೇ ಹೊಳೆಯುತ್ತಿರುತ್ತದೆ. ಅದರ ಮೇಲೇ ಬೆಳಕಿಟ್ಟು, ಕಾಲು ಅಪ್ಪಳಿಸದೆ ಹತ್ತಿರ ಹೋಗಿ.

ಮೈಬಣ್ಣ ನೋಡಿ ತೀರ್ಮಾನಿಸಬೇಡಿ, ಕಂದು-ಬೂದು ಜೇಡಗಳು ನೂರಾರಿವೆ. ಮುಖ ನೋಡಿ. ಕೆಳಸಾಲಿನಲ್ಲಿ ನಾಲ್ಕು ಪುಟ್ಟ ಕಣ್ಣು, ಅದರ ಮೇಲೆ ಎದುರಿಗೇ ನೋಡುವ ಎರಡು ದೊಡ್ಡ ಕಣ್ಣು, ತುಸು ಹಿಂದೆ ನೆತ್ತಿಯ ಮೇಲೆ ಮತ್ತೆರಡು. ಈ 4-2-2 ಜೋಡಣೆ ಇದ್ದರೆ ತೋಳ ಜೇಡ. ಮನೆ ಗೋಡೆಯ ಮೇಲೆ ಏಡಿಯಂತೆ ಕಾಲು ಚಾಚಿ ಕೂರುವ ಚಪ್ಪಟೆ ಜೇಡ ಬೇರೆ. ಅದಕ್ಕೆ ಕಣ್ಣುಗಳು ನಾಲ್ಕರಂತೆ ಎರಡೇ ಸಾಲು.

ತಾಯಿ ಸಿಕ್ಕರೆ ಗುರುತಿಸುವುದು ಇನ್ನೂ ಸುಲಭ. ನೂಲು ಬರುವ ಹಿಂತುದಿಗೆ ಮೊಟ್ಟೆಯ ಉಂಡೆಯನ್ನು ಅಂಟಿಸಿಕೊಂಡು ಓಡಾಡುತ್ತಾಳೆ. ಸಣ್ಣ ಜಾತಿಗಳಲ್ಲಿ ಅದು ಸಾಬಕ್ಕಿ ಕಾಳಿನಷ್ಟು. ಉಂಡೆ ಬಾಯಲ್ಲಿದ್ದರೆ ಅದು ಬೇರೆ ಕುಟುಂಬದ ಜೇಡ. ಮರಿಗಳು ಹೊರಬರುವ ಹೊತ್ತಿಗೆ ತಾಯಿಯೇ ಉಂಡೆಯನ್ನು ಕಚ್ಚಿ ಬಿಡಿಸುತ್ತಾಳೆ, ಅವು ಬೆನ್ನೇರಿ ಕೆಲವು ದಿನ ಸವಾರಿ ಮಾಡುತ್ತವೆ. ಆಗ ಟಾರ್ಚು ಬಿಟ್ಟರೆ ಬೆನ್ನೇ ಮಿನುಗೀತು. ಅಂಥವಳನ್ನು ಡಬ್ಬಿಗೆ ಹಾಕಬೇಡಿ: ಗಾಬರಿಗೆ ಮರಿಗಳು ಚೆದುರುತ್ತವೆ. ಉಂಡೆಯನ್ನೂ ಎಳೆಯಬೇಡಿ, ಕಳೆದುಕೊಂಡ ತಾಯಿ ಹುಡುಕಾಡಿ, ಕೊನೆಗೆ ಕಾಗದದ ಉಂಡೆ ಸಿಕ್ಕರೂ ಅಂಟಿಸಿಕೊಂಡು ಹೊರಡುತ್ತಾಳೆ.

ತೋಳ ಜೇಡ ಬಲೆ ಹೆಣೆಯುವುದಿಲ್ಲ, ಅಟ್ಟಿಸಿ ಹಿಡಿಯುತ್ತದೆ ಎಂದು ಓದಿರುತ್ತೀರಿ. ಬಹುಪಾಲು ನಿಜ. ಆದರೆ ಹಿಪ್ಪಾಸಾ ಎಂಬ ಕುಲ ಇದಕ್ಕೆ ಹೊರತು, ಮತ್ತು ನಮ್ಮ ಹುಲ್ಲುಹಾಸುಗಳಲ್ಲಿ ಸುಲಭವಾಗಿ ಕಾಣುವುದೇ ಅದು. ಬಿಸಿಲೇರುವ ಮುನ್ನ ಹೋದರೆ ಇಬ್ಬನಿ ಕೂತ ಬಲೆಗಳು ನೆಲಕ್ಕೆ ಹಾಸಿದ ಬಿಳಿ ಕರವಸ್ತ್ರದಂತೆ ಕಾಣುತ್ತವೆ. ರಾತ್ರಿ ಕಾಟ ಕೊಟ್ಟ ಇಬ್ಬನಿಯೇ ಬೆಳಗ್ಗೆ ದಾರಿ ತೋರಿಸುತ್ತದೆ. ಹಾಳೆಯಂಥ ಈ ಬಲೆಯ ಒಂದು ಕಡೆ ಆಲಿಕೆಯಂಥ ತೂತು, ಅದರ ಬಾಯಲ್ಲಿ ಜೇಡ. ನಿಮ್ಮ ನೆರಳು ಬಿದ್ದರೆ ಒಳಗೆ ಓಡುತ್ತದೆ. ಸೂರ್ಯನಿಗೆ ಮುಖಮಾಡಿ ಕೂತು, ಹುಲ್ಲುಕಡ್ಡಿಯಿಂದ ಹಾಳೆಯ ಅಂಚನ್ನು ಮೆಲ್ಲಗೆ ನಡುಗಿಸಿ. ಹುಳು ಬಿತ್ತೆಂದು ಹೊರಗೆ ನುಗ್ಗೀತು. ಎರಡು ಸಲಕ್ಕೂ ಬರದಿದ್ದರೆ ಪಕ್ಕದ ಬಲೆಗೆ ಹೋಗಿ.