ನೋವಿದ್ದರೂ ಮನಸ್ಸಿಗೊಪ್ಪುವ ವ್ಯಾಯಾಮ ಹುಡುಕಿಕೊಳ್ಳುವುದು ಹೇಗೆ?

ಮೂರು ತಿಂಗಳು ಕಳೆದರೂ ಬಿಡದ, ಅಥವಾ ಹೋದಂತೆ ಮಾಡಿ ಮತ್ತೆ ಮರಳುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. ಬೆನ್ನುನೋವು, ಮೊಣಕಾಲಿನ ಸವೆತ, ಸಂಧಿವಾತ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಹೀಗೆ ಹೆಸರು ಹಲವು, ಸಿಗುವ ಸಲಹೆ ಮಾತ್ರ ಒಂದೇ: ‘ವ್ಯಾಯಾಮ ಮಾಡಿ’. ಸಲಹೆ ಸರಿಯಾದದ್ದೇ. ಆದರೆ ಯಾವುದನ್ನು, ಎಷ್ಟು ಹೊತ್ತು, ಮರುದಿನ ಹಾಸಿಗೆಯಿಂದ ಏಳಲಾಗದಿದ್ದರೆ ಏನು ಗತಿ ಎಂದು ಬಿಡಿಸಿ ಹೇಳುವವರು ಕಡಿಮೆ. ಅದು ನಿಮಗೆ ಇಷ್ಟವಾಗಬೇಕು ಎನ್ನುವವರು ಇನ್ನೂ ಕಡಿಮೆ. ನನ್ನ ದೃಷ್ಟಿಯಲ್ಲಿ ಆಯ್ಕೆ ಶುರುವಾಗಬೇಕಾದದ್ದೇ ಅಲ್ಲಿಂದ. ಕಡ್ಡಾಯಕ್ಕೆ ಮಾಡಿದ ವ್ಯಾಯಾಮ, ನೋವು ಜೋರಾದ ಮೊದಲ ವಾರದಲ್ಲೇ ನಿಂತುಹೋಗುತ್ತದೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲಿ ಹೊರತಂದ ಮಾರ್ಗಸೂಚಿಯೂ ವ್ಯಾಯಾಮವನ್ನು ಸೂಚಿಸುವಾಗ ರೋಗಿಯ ಅಗತ್ಯ, ಸಾಮರ್ಥ್ಯಗಳ ಜೊತೆಗೆ ಅವರ ಇಷ್ಟವನ್ನೂ ಗಮನಿಸಿ ಎನ್ನುತ್ತದೆ.

ಮೊದಲು ವೈದ್ಯರ ಭೇಟಿ

ನೋವಿನ ಕಾರಣ ಪತ್ತೆಯಾಗಿರದಿದ್ದರೆ ಅದು ಮೊದಲಾಗಲಿ. ಎದೆನೋವು, ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕೈಕಾಲುಗಳಲ್ಲಿ ಹೊಸದಾಗಿ ಕಂಡ ಬಲಹೀನತೆ, ಕೆಂಪಾಗಿ ಊದಿದ ಬಿಸಿ ಕೀಲು ಇದ್ದರೆ ವ್ಯಾಯಾಮದ ಮಾತು ಆಮೇಲೆ. ಬೆನ್ನುನೋವಿನೊಂದಿಗೆ ತೊಡೆಸಂದಿಯ ಭಾಗ ಮರಗಟ್ಟಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದು ತುರ್ತು ಸ್ಥಿತಿ, ಆಗ ಕಾಯಬಾರದು. ಮೂಳೆ ಟೊಳ್ಳಾಗಿರುವವರು ಹಾಗೂ ಕೀಲುಗಳು ಅತಿಯಾಗಿ ಬಾಗುವವರು ಯಾವ ಭಂಗಿ ಬೇಡವೆಂಬುದನ್ನು ಫಿಸಿಯೋಥೆರಪಿಸ್ಟ್ ಬಳಿ ಕೇಳಿ ತಿಳಿಯಬೇಕು.

ಪರೀಕ್ಷೆಯಲ್ಲಿ ಅಪಾಯವಿಲ್ಲವೆಂದು ಖಚಿತವಾದ ಮೇಲೂ ಹೆದರಿಕೆ ಉಳಿಯುತ್ತದೆ. ಅದು ಸಹಜ. ಆದರೆ ನೋವು ಹಳೆಯದಾದಾಗ ಅನೇಕರಲ್ಲಿ ನರವ್ಯೂಹವೇ ಅತಿ ಸೂಕ್ಷ್ಮವಾಗಿರುತ್ತದೆ. ಅಂಗಾಂಶಕ್ಕೆ ಪೆಟ್ಟಾಗದಿದ್ದರೂ ಮಿದುಳು ನೋವಿನ ಸೂಚನೆ ಕೊಡುತ್ತದೆ. ಹಾಗಾಗಿ ನೋವಾದಾಗಲೆಲ್ಲ ಒಳಗೇನೋ ಹಾನಿಯಾಗಿದೆ ಎಂದು ಅರ್ಥವಲ್ಲ. ಇದನ್ನು ಮನಸ್ಸು ಒಪ್ಪಲು ಸಮಯ ಬೇಕು. ಒಪ್ಪಿದ ಮೇಲೆ ದಾರಿ ಸಲೀಸು.

ಇಷ್ಟವನ್ನು ಹುಡುಕಿ

ಕಾಗದ ತೆಗೆದುಕೊಂಡು, ನೋವು ಬರುವ ಮುಂಚೆ ದೇಹಕ್ಕೆ ಖುಷಿ ಕೊಡುತ್ತಿದ್ದ ಸಂಗತಿಗಳನ್ನು ಬರೆಯಿರಿ. ಅವು ವ್ಯಾಯಾಮವೇ ಆಗಿರಬೇಕಿಲ್ಲ. ಹಾಡು ಕೇಳಿದರೆ ಕಾಲು ತಾನಾಗಿ ತಾಳ ಹಾಕುತ್ತದೆಯೇ? ಮರಗಿಡಗಳ ನಡುವೆ ಮನಸ್ಸು ಹಗುರಾಗುತ್ತದೆಯೇ? ಜನರ ಜೊತೆ ಹುರುಪು ಬರುತ್ತದೆಯೇ, ಒಬ್ಬರೇ ಇದ್ದರೆ ನೆಮ್ಮದಿಯೇ? ಆಟದಲ್ಲಿ ಅಂಕ ಎಣಿಸುವುದು ಇಷ್ಟವೇ? ಈ ಉತ್ತರಗಳನ್ನು ಹಿಡಿದು ಹೊರಟರೆ, ದೇಹಕ್ಕೆ ಹೊಂದುವ ರೂಪ ಹೇಗಾದರೂ ಸಿಗುತ್ತದೆ. ನಿಂತು ಕುಣಿಯಲಾಗದವರು ಕುರ್ಚಿಯಲ್ಲಿ ಕುಳಿತೇ ಕೈ, ಭುಜ, ಪಾದಗಳಿಂದ ಕುಣಿಯಬಹುದು. ನಡಿಗೆ ಬೇಸರವೆನ್ನುವವರು ಹಕ್ಕಿ ನೋಡಲೆಂದೋ ಫೋಟೊ ತೆಗೆಯಲೆಂದೋ ಹೊರಟರೆ ನಡೆದದ್ದೇ ತಿಳಿಯುವುದಿಲ್ಲ. ಬೆನ್ನಿಗೆ ಒರಗು ಇರುವ ವ್ಯಾಯಾಮದ ಸೈಕಲ್ ಅನೇಕರ ಸೊಂಟಕ್ಕೆ ಒಗ್ಗುತ್ತದೆ.

ಭಾರ ಹೊರಲಾಗದ ಕೀಲುಗಳಿಗೆ ನೀರಿನಂಥ ಆಸರೆ ಇನ್ನೊಂದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ತೂಕ ಸುಮಾರು ಅರ್ಧದಷ್ಟಾಗುತ್ತದೆ. ಎದೆಮಟ್ಟಕ್ಕೆ ಇಳಿದರೆ ಮೂರನೇ ಒಂದು ಭಾಗದಷ್ಟೇ ಉಳಿಯುತ್ತದೆ. ಈಜು ಬರದಿದ್ದರೂ ಚಿಂತೆಯಿಲ್ಲ, ಆಳವಿಲ್ಲದ ಕಡೆ ಅಂಚು ಹಿಡಿದು ನಡೆದರೆ ಸಾಕು. ತಣ್ಣೀರಿಗೆ ಸ್ನಾಯು ಬಿಗಿಯುವವರು ಬೆಚ್ಚಗಿನ ಕೊಳ ಹುಡುಕಲಿ; ನೀರಿನ ಚಿಕಿತ್ಸೆಗೆಂದೇ ಇರುವ ಕೊಳಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 33ರಿಂದ 36 ಡಿಗ್ರಿ ಸೆಲ್ಸಿಯಸ್ ಇರುತ್ತದೆ.

ನಿಧಾನಗತಿ ಹಿಡಿಸುವವರಿಗೆ ತೈ ಚಿ ಎಂಬ, ಮೆಲ್ಲನೆಯ ಚಲನೆಗಳ ಚೀನೀ ವ್ಯಾಯಾಮ ಇದೆ. ಫೈಬ್ರೊಮಯಾಲ್ಜಿಯಾ ಇರುವವರ ಮೇಲೆ ನಡೆದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದರ ಫಲ ಏರೋಬಿಕ್ (ಉಸಿರಾಟ, ಎದೆಬಡಿತ ಹೆಚ್ಚಿಸುವ) ವ್ಯಾಯಾಮಕ್ಕೆ ಸಮನಾಗಿ ಅಥವಾ ಹೆಚ್ಚಾಗಿ ಕಂಡಿತ್ತು.

ಎಷ್ಟರಿಂದ ಶುರು?

ಹೆಚ್ಚಿನವರು ಎಡವುವುದು ಇಲ್ಲಿ. ನೋವು ಕಡಿಮೆಯಿರುವ ದಿನ ಬಾಕಿಯನ್ನೆಲ್ಲ ತೀರಿಸುವ ಹುಮ್ಮಸ್ಸಿನಲ್ಲಿ ಮಿತಿಮೀರುತ್ತಾರೆ, ಆಮೇಲೆ ನಾಲ್ಕು ದಿನ ಮಲಗುತ್ತಾರೆ. ಇದರಿಂದ ತಪ್ಪಿಸಿಕೊಳ್ಳಲು ಒಂದು ಸರಳ ಲೆಕ್ಕವಿದೆ. ಆರಿಸಿಕೊಂಡ ಚಟುವಟಿಕೆಯನ್ನು ಮೂರು ಬೇರೆ ಬೇರೆ ದಿನ ಮಾಡಿ, ನೋವು ಏರತೊಡಗಿದೊಡನೆ ನಿಲ್ಲಿಸಿ ಸಮಯ ಬರೆದುಕೊಳ್ಳಿ. 12, 6, 9 ನಿಮಿಷ ಬಂತೆನ್ನಿ, ಸರಾಸರಿ 9. ಅದರಲ್ಲಿ ಐದನೇ ಒಂದು ಭಾಗ ಕಳೆದರೆ ಸುಮಾರು 7 ನಿಮಿಷ. ನಿಮ್ಮ ಆರಂಭ ಅದು. ಹಿತವಾಗಿರುವ ದಿನವೂ ಏಳಕ್ಕೇ ನಿಲ್ಲಿಸಿ. ‘ಇನ್ನೂ ಆಗುತ್ತಿತ್ತಲ್ಲ’ ಎನ್ನಿಸುವಾಗ ನಿಲ್ಲಿಸುವುದು ಕಷ್ಟ, ನಿಜ. ಆ ಉಳಿದ ಆಸೆಯೇ ನಿಮ್ಮನ್ನು ಮರುದಿನ ಮತ್ತೆ ಎಬ್ಬಿಸುತ್ತದೆ.

ಒಂದೆರಡು ವಾರ ಹೀಗೆ ನಡೆದರೆ ಒಂದು ನಿಮಿಷ ಸೇರಿಸಿ. ಸಮಯ ಅಥವಾ ವೇಗ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇಲ್ಲವಾದರೆ ತೊಂದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ವ್ಯಾಯಾಮ ಮಾಡುತ್ತಲೇ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ.

ಹೊಸ ಚಲನೆಯ ಬಳಿಕ ಸ್ನಾಯು ಒಂದೆರಡು ದಿನ ನೋಯುವುದು ಎಲ್ಲರಿಗೂ ಇದ್ದದ್ದೇ. ನಿಮ್ಮ ಹಳೆಯ ನೋವು ಸ್ವಲ್ಪ ಏರಿ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಯಿರಿ. ಇಳಿಯದಿದ್ದರೆ ಮುಂದಿನ ಸಲ ಸಮಯ ಕಡಿಮೆ ಮಾಡಿ. ಇಲ್ಲೊಂದು ಮುಖ್ಯ ಎಚ್ಚರಿಕೆ: ಸಣ್ಣ ಶ್ರಮದ ನಂತರವೂ ದಿನಗಟ್ಟಲೆ ಇಡೀ ದೇಹ ಕುಸಿಯುವ ಎಂಇ ಅಥವಾ ದೀರ್ಘಕಾಲಿಕ ಆಯಾಸದ ಕಾಯಿಲೆ ಇರುವವರಿಗೆ ಹೀಗೆ ಏರಿಸುತ್ತಾ ಹೋಗುವ ಕ್ರಮ ಹಾನಿ ಮಾಡಬಹುದು. ಅವರು ಈ ಲೆಕ್ಕವನ್ನು ಅನುಸರಿಸದೆ ತಜ್ಞರನ್ನೇ ಕೇಳಬೇಕು.

ನೋವು ಕೆರಳಿದ ವಾರ

ಅದು ಬಂದೇ ಬರುತ್ತದೆ, ನೀವು ಏನೂ ತಪ್ಪು ಮಾಡದಿದ್ದರೂ. ಆಗ ಏನು ಮಾಡುವುದೆಂದು ಈಗಲೇ ಬರೆದಿಡಿ: ಸಮಯ ಅರ್ಧ, ಕುಳಿತು ಮಾಡುವ ರೂಪ, ಅಥವಾ ಹಾಸಿಗೆಯಲ್ಲೇ ಪಾದ ಮತ್ತು ಮುಂಗೈ ತಿರುಗಿಸುವುದು. ಪೂರ್ತಿ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಸೂಚಿಸುತ್ತದೆ. ಸ್ವಲ್ಪ ಮಾಡಿದರೂ ಏನೂ ಮಾಡದಿರುವುದಕ್ಕಿಂತ ಮೇಲು ಎಂದೂ ಅದೇ ಹೇಳುತ್ತದೆ. ನೂರೈವತ್ತನ್ನು ನೋಡಿ ಎದೆಗುಂದಬೇಡಿ.

ತರಗತಿಗೆ ಸೇರುವುದಾದರೆ, ಯಾವ ಚಲನೆ ಆಗದು, ನಡುವೆ ಎಷ್ಟು ಸಲ ಕೂರಬೇಕಾಗುತ್ತದೆ ಎಂದು ಶಿಕ್ಷಕರಿಗೆ ಮೊದಲ ದಿನವೇ ಹೇಳಿ. ‘ನೋವು ಮರೆತು ಮಾಡಿ’ ಎನ್ನುವ ಶಿಕ್ಷಕರಾದರೆ ಬೇರೆಯವರನ್ನು ಹುಡುಕಿ. ಆರಿಸಿದ ಚಟುವಟಿಕೆಗೆ ಮೂರು ನಾಲ್ಕು ವಾರ ಅವಕಾಶ ಕೊಡಿ. ಆಗಲೂ ಹೊರಡುವ ಹೊತ್ತಿಗೆ ಮನಸ್ಸು ಮುದುಡುತ್ತಿದ್ದರೆ ಅದನ್ನು ಬಿಟ್ಟು, ನಿಮ್ಮ ಕಾಗದದಲ್ಲಿರುವ ಎರಡನೆಯದನ್ನು ಶುರು ಮಾಡಿ.